ನನ್ನ ನಂಬರಿಗೆ ನಾನೇ ಹಾಕಿಸಿದ ಬೀಗ

ನನ್ನ ಮೊಬೈಲ್ ನಂಬರನ್ನು ಕದಿಯುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಆ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಘೋಷಿಸಿದ್ದೆ. ಸಂಜೆ ಚಹಾದ ಹೊತ್ತಿಗೆ ಅವನು ಹುಟ್ಟಿದ್ದ. ಹುಟ್ಟಿದ್ದಷ್ಟೇ ಅಲ್ಲ, ನನಗೆ ಫೋನ್ ಮಾಡಿ, ಮನೆಮಂದಿಯ ಆರೋಗ್ಯ ವಿಚಾರಿಸಿ, ನನ್ನಿಂದಲೇ ಆಶೀರ್ವಾದ ಪಡೆದು, ನಂಬರನ್ನು ತೆಗೆದುಕೊಂಡೂ ಹೋಗಿದ್ದ.

ಅಂಥ ಘೋಷಣೆ ಮಾಡುವ ಅಧಿಕಾರ ನನಗಿತ್ತು ಎಂಬುದನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ನಾನು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಒಂದು ನಟ್ಟು ಹೊರಗೆ ಹೋಗಬೇಕಾದರೂ ನನ್ನ ಸಹಿ ಬೇಕು. ಹೀಗಾಗಿ ಅನುಮಾನ ನನ್ನ ಹುಟ್ಟುಗುಣವಾಗಿತ್ತು. ಗೋಕುಲ ರಸ್ತೆಯ ನಮ್ಮ ಓಣಿಯಲ್ಲಿ ಗಣಪತಿ ಕೂಡಿಸಿದಾಗ ಮೈಕು ಹಿಡಿದು ‘ಮೊಬೈಲ್ ಕಳ್ಳರಿಂದ ಪಾರಾಗುವುದು ಹೇಗೆ’ ಎಂದು ಭಾಷಣವನ್ನೂ ಮಾಡಿದ್ದೆ. ಈಗಿನ ಕಳ್ಳನಿಗೆ ನಮ್ಮ ಫೋನು ಬೇಕಿಲ್ಲ, ನಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆಸಿದರೆ ಸಾಕು. ಅವನ ಸಿಮ್ ಜೀವ ಪಡೆಯುತ್ತದೆ, ನಮ್ಮದು ಸಾಯುತ್ತದೆ. ಆಮೇಲೆ ಬ್ಯಾಂಕಿನವರು ನಮಗೆಂದು ಕಳಿಸುವ ಗುಟ್ಟಿನ ನಂಬರೆಲ್ಲ ಅವನ ಕೈಗೆ ಹೋಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿ, ಕೊನೆಗೆ ಒಂದು ಸೂತ್ರ ಕೊಟ್ಟಿದ್ದೆ.

"ಕಳ್ಳರು ಹಿಂದ್ಯಾಗ ಮಾತಾಡ್ತಾರ. ಇಲ್ಲಾ ಇಂಗ್ಲಿಷಿನ್ಯಾಗ. ನಮ್ಮ ಕನ್ನಡ ಅವರಿಗೆ ಏಳು ಜನ್ಮಕ್ಕೂ ಬರಂಗಿಲ್ಲ. ಹಿಂದಿ ಕೇಳಿದ ಕೂಡ್ಲೆ ಫೋನ್ ಇಟ್ಟ ಬಿಡ್ರಿ!"

ಓಣಿಯೇ ಚಪ್ಪಾಳೆ ತಟ್ಟಿತು. ಪಕ್ಕದ ಮನೆಯ ಕುಲಕರ್ಣಿಯವರು ಎದ್ದು ನಿಂತು ನನ್ನ ಬೆನ್ನು ಚಪ್ಪರಿಸಿದರು. ಕುಲಕರ್ಣಿಯವರು ಹುಟ್ಟಾ ಧಾರವಾಡದವರು, ತಂಬೂರಿ ಶ್ರುತಿ ಮಾಡುವಷ್ಟೇ ಶ್ರದ್ಧೆಯಿಂದ ಜನರ ಮಾತನ್ನೂ ಆಲಿಸುವವರು. ಬಾಯಿ ತೆರೆದರೆ ಸಾಕು, ನೀವು ಯಾವ ಊರಿನವರು, ಯಾವ ಓಣಿಯವರು ಎಂದು ಹೇಳಬಲ್ಲರು. ಅವರ ಮೆಚ್ಚುಗೆ ಎಂದರೆ ನನಗೆ ಸರ್ಕಾರದ ಮೊಹರು ಇದ್ದಂತೆ.

ಈಗ ನಮ್ಮ ಅಕ್ಕನ ವಿಷಯ ಹೇಳಬೇಕು. ಇದೆಲ್ಲ ನಗೆಯ ಮಾತಾಗಿ ಉಳಿಯದಿರುವುದಕ್ಕೆ ಅವಳೇ ಕಾರಣ.

ನೀಲಕ್ಕ ನನ್ನ ಸ್ವಂತ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಇದ್ದಾಳೆ. ನಾವು ಅವಳನ್ನು ಸಾಕುತ್ತಿದ್ದೇವೆ ಎಂದು ನಾನು ಹೊರಗೆ ಹೇಳಿಕೊಳ್ಳುತ್ತೇನೆ. ಖರೇ ಹೇಳಬೇಕೆಂದರೆ ಅವಳು ಯಾರ ಹಂಗಿನಲ್ಲೂ ಇಲ್ಲ. ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ಸುತ್ತಲಿನ ಖಾನಾವಳಿಯವರು ಬಂದು ಬುಟ್ಟಿಗಟ್ಟಲೆ ಒಯ್ಯುತ್ತಾರೆ. ಹೀಗೆ ವರ್ಷಾನುಗಟ್ಟಲೆ ನೆಲಕ್ಕೆ ಕೂತು ಬಡಿದು ಬಡಿದು ಅವಳ ಬಲ ಮಂಡಿ ಸವೆದುಹೋಯಿತು. ಈಗ ಗೋಡೆ ಹಿಡಿಯದೆ ಏಳಲಾರಳು. ಇನ್ನು ತಡ ಮಾಡಿದರೆ ನಡೆಯುವುದೂ ದುಸ್ತರವಾಗುತ್ತದೆ, ಮಂಡಿ ಬದಲಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ರೊಟ್ಟಿಯಿಂದ ಕೆಟ್ಟ ಮಂಡಿಯನ್ನು ರೊಟ್ಟಿಯ ದುಡ್ಡಿನಿಂದಲೇ ಸರಿಮಾಡಿಸುತ್ತೇನೆ ಎಂದು ಹಟ ಹಿಡಿದು ಅವಳು ಬ್ಯಾಂಕಿನಲ್ಲಿ ಕೂಡಿಹಾಕಿದ್ದಳು. ಕೊನೆಗೂ ಸಾಕಷ್ಟು ಕೂಡಿತ್ತು. ಬರುವ ಬುಧವಾರ ಆಪರೇಷನ್ ಎಂದು ನಿಕ್ಕಿಯಾಗಿತ್ತು.

ಆ ಖಾತೆಗೆ ಕೊಟ್ಟ ಮೊಬೈಲ್ ನಂಬರು ಯಾರದು? ನನ್ನದು!

ನಮ್ಮ ಮಂದಿಯ ಪದ್ಧತಿಯೇ ಹಾಗೆ. ಮನೆಯಲ್ಲಿ ನಾಲ್ಕು ಫೋನಿದ್ದರೂ ಬ್ಯಾಂಕು, ಗ್ಯಾಸು, ರೇಷನ್ನು ಎಲ್ಲಕ್ಕೂ ಮನೆಯ ಹಿರಿಯ ಗಂಡಸಿನ ನಂಬರನ್ನೇ ಬರೆಸುವುದು. "ಅಕ್ಕಾ, ನಿನಗ್ಯಾಕ ತಲಿಬ್ಯಾನಿ? ನನ್ನ ನಂಬರ್ ಬರಸು, ನಾ ನೋಡ್ಕೋತೇನಿ" ಎಂದು ಅಂದು ಬ್ಯಾಂಕಿನಲ್ಲಿ ಎದೆಯುಬ್ಬಿಸಿ ಹೇಳಿದವನು ನಾನು. ಎರಡನೆಯ ನಂಬರು ಕೇಳಿದ್ದಕ್ಕೆ ನನ್ನ ಹೆಂಡತಿ ಶಾಂತಾಳದನ್ನು ಬರೆಸಿದ್ದೆ. ಅಕ್ಕನ ಸ್ವಂತ ನಂಬರು ಎಲ್ಲಿಯೂ ಇರಲಿಲ್ಲ.

ಆ ಶನಿವಾರ ಊಟ ಮುಗಿಸಿ ಅಡಿಕೆ ಬಾಯಿಗೆ ಹಾಕಿಕೊಂಡಿದ್ದೆ. ಕುಲಕರ್ಣಿಯವರು ಪೇಪರು ಓದಲು ನಮ್ಮ ಕಟ್ಟೆಗೆ ಬಂದು ಕೂತಿದ್ದರು. ಫೋನ್ ರಿಂಗಾಯಿತು.

"ನಮಸ್ಕಾರ್ರೀ ಸಾಹೇಬ್ರ. ಈರಣ್ಣಾರ ಏನ್ರಿ? ಉಣ್ಣೂ ಹೊತ್ತಿನ್ಯಾಗ ತ್ರಾಸ ಕೊಟ್ಟೆ ಅನಸ್ತೈತಿ. ಆಮ್ಯಾಲ ಮಾಡ್ಲೇನ್ರಿ?"

ಕೇಳಿದಿರಾ? ಆಮೇಲೆ ಮಾಡಲೇ ಎಂದು ಕೇಳುವ ಕಳ್ಳನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಮ್ಮ ಮನೆಯ ಅಳಿಯ ಕೂಡ ಇಷ್ಟು ಸೌಜನ್ಯ ತೋರಿಸಿದವನಲ್ಲ!

"ಊಟ ಆತ್ರಿ, ಹೇಳ್ರಿ" ಎಂದೆ.

"ನಾನು ಪ್ರಸನ್ನ ಅಂತ್ರಿ, ನಿಮ್ಮ ಸಿಮ್ ಕಂಪನಿಯಾಂವ. ನಿಮ್ಮ ನಂಬರಿನ ಮ್ಯಾಲ ಇನ್ನೊಂದು ಸಿಮ್ ಬೇಕಂತ ಯಾರೋ ಬ್ಯಾರೆ ಊರಾಗ ಅರ್ಜಿ ಕೊಟ್ಟಾರ್ರಿ. ನೀವ ಕೊಟ್ಟೀರೇನ್ರಿ?"

"ನಾ ಯಾಕ ಕೊಡ್ಲಿ? ನನ್ನ ಸಿಮ್ ನನ್ನ ಹತ್ರನ ಐತಿ!"

"ನನಗ ಗೊತ್ತಿತ್ರಿ ಸಾಹೇಬ್ರ. ಅದಕ್ಕ ಮದಲ ನಿಮ್ಮನ್ನ ಕೇಳೂಣು ಅಂತ ಮಾಡೇನಿ. ಇವತ್ತು ಸಂಜಿಕಿಂತ ಮದಲ ತಡೀಲಿಲ್ಲಂದ್ರ ಆ ಕಳ್ಳನ ಸಿಮ್ ಚಾಲೂ ಆಗಿಬಿಡ್ತೈತ್ರಿ."

ಹೆದರಿ, ಬಾಯಲ್ಲಿದ್ದ ಅಡಿಕೆ ನುಂಗಿಬಿಟ್ಟೆ. ಆದರೆ ನಾನು ಯಾರು? ಗಣಪತಿ ಪೆಂಡಾಲಿನ ಭಾಷಣಕಾರ! ಕೂಡಲೇ ಪರೀಕ್ಷೆ ಶುರು ಮಾಡಿದೆ.

"ಯಾವೂರ್ರಿ ನಿಮ್ದು?"

"ಧಾರವಾಡ್ರಿ."

"ನಮ್ಮ ಸ್ವಾದರಮಾವಂದು ಇಲ್ಲೇ ಶಿರಗುಪ್ಪಿ" ಎಂದೆ. ಇದನ್ನು ಅವನು ಕೇಳಿರಲಿಲ್ಲ.

"ಹೌದೇನ್ರಿ! ನಮ್ಮವ್ವನ ತವರಮನೀನೂ ಶಿರಗುಪ್ಪೀನ್ರಿ! ಹಂಗಾರ ನೀವು ನಮಗ ಬೀಗರ ಆದ್ರಲ್ರಿ!"

ನನಗೆ ಸಂತೋಷ ತಡೆಯಲಾಗಲಿಲ್ಲ. ಕುಲಕರ್ಣಿಯವರೂ ಆನಂದಿಸಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದೆ. ಅವರು ಪೇಪರು ಮಡಚಿಟ್ಟು ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳಿದರು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಈರಣ್ಣಾರ, ಇದು ಅಪ್ಪಟ ಧಾರವಾಡ ಅದ. ಈಗಿನ ಹುಡುಗೂರ ಬಾಯಾಗ ಇಂಥಾ ಕನ್ನಡ ಎಲ್ಲದರೀ? ಎಷ್ಟು ಛಂದ ಮಾತಾಡ್ಲಿಕ್ಕತ್ತಾನ! ಭಾಳ ಸಂಸ್ಕಾರವಂತರ ಮನಿ ಹುಡುಗ ಇರಬೇಕು."

ಪ್ರಮಾಣಪತ್ರ ಸಿಕ್ಕಿತು. ಇನ್ನೇನು ಬೇಕು? ನಾನು ಸಂಸ್ಕಾರವಂತರ ಮನೆ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಅಕ್ಕನ ಮಂಡಿಯನ್ನು ಹೇಳಿದೆ, ಬುಧವಾರದ ಆಪರೇಷನ್ ಹೇಳಿದೆ, ಯಾವ ಬ್ಯಾಂಕು ಎಂದು ಹೇಳಿದೆ. ಅವನು "ಅಯ್ಯ ಪಾಪ, ಅಕ್ಕಾರಿಗೆ ಭಾಳ ತ್ರಾಸ ಆಗಿರಬೇಕಲ್ರಿ" ಎಂದು ಮರುಗಿದ. ಮಂಡಿ ನೋವಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿದ. ಆಮೇಲೆ ನನ್ನ ನಂಬರನ್ನು ಒಂದು ದಿನ ಕಂಪನಿಯ ಲಾಕರಿನಲ್ಲಿ ಇಡೋಣ, ಆಗ ಯಾವ ಕಳ್ಳನಿಗೂ ಕೈ ಹಾಕಲಾಗದು ಎಂದ. ಅದಕ್ಕಾಗಿ ನನ್ನ ಫೋನಿಗೆ ಒಂದು ಸಂದೇಶ ಬರುತ್ತದೆ, ಅದಕ್ಕೆ ಒಂದು ಎಂಬ ಅಂಕಿಯನ್ನು ಉತ್ತರವಾಗಿ ಕಳಿಸಬೇಕು, ಅಷ್ಟೇ.

ಸಂದೇಶ ಬಂತು. ಇಂಗ್ಲಿಷಿನಲ್ಲಿತ್ತು. ಶಾಂತಾ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಭುಜದ ಮೇಲಿಂದ ಓದಿದಳು.

"ರೀ, ನಿಮ್ಮ ಸಿಮ್ ಬ್ಯಾರೆ ಫೋನಿಗೆ ಹೊಂಟೈತಿ, ನೀವ ಕೇಳಿದ್ದು ಖರೇ ಇದ್ರ ಒಂದು ಅಂತ ಕಳಸ್ರಿ ಅಂತ ಬರದಾರಲ್ರೀ ಇದರಾಗ?"

ಫೋನಿನಲ್ಲಿದ್ದ ಪ್ರಸನ್ನ ಅದನ್ನು ಕೇಳಿಸಿಕೊಂಡ. "ವೈನೀಯಾರು ಹೇಳೂದು ಬರೋಬ್ಬರಿ ಐತ್ರಿ. ಆ ಬ್ಯಾರೆ ಫೋನು ಅಂದ್ರ ನಮ್ಮ ಲಾಕರ್ರಿ" ಎಂದ, ತುಸುವೂ ತಡವರಿಸದೆ.

"ತಿಳೀತೇನು?" ಎಂದು ನಾನು ಶಾಂತಾಳತ್ತ ತಿರುಗಿದೆ. "ಇಂಗ್ಲಿಷಿನ್ಯಾಗ ಹಂಗ ಬರದಿರ್ತಾರ. ಅವರು ಕನ್ನಡದಾಗ ಖರೇ ಅರ್ಥ ಹೇಳಾಕತ್ತಾರ."

"ನನಗ್ಯಾಕೋ ಸರಿ ಅನ್ಸವಲ್ದು."

"ನಿನಗ ಯಾವುದು ಸರಿ ಅನಸೇತಿ? ನೀ ಒಳಗ ಹೋಗು!"

ಒಂದು ಎಂದು ಕಳಿಸಿದೆ. ಅಕ್ಕನ ಖಾತೆಗೂ ಬೀಗ ಬೀಳಬೇಕಾದರೆ ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಮುಗಿಯುವ ತಿಂಗಳು ವರ್ಷ ಬೇಕು ಎಂದ. ಅಕ್ಕನ ಡಬ್ಬಿಯಿಂದ ಕಾರ್ಡು ತರಿಸಿ ಓದಿ ಹೇಳಿದೆ. ತಪ್ಪಾಗಬಾರದೆಂದು ಎರಡು ಸಲ ಓದಿದೆ! ಕೊನೆಗೆ ಅವನು ದನಿ ಗಂಭೀರ ಮಾಡಿಕೊಂಡು ಹೇಳಿದ.

"ಒಂದು ಮಾತು ನೆನಪಿಡ್ರಿ ಸಾಹೇಬ್ರ. ಓಟಿಪಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ನಾ ಕೇಳಿದ್ರೂ ಹೇಳಬ್ಯಾಡ್ರಿ."

ನನ್ನ ಕಣ್ಣು ತುಂಬಿ ಬಂತು. "ದೇವ್ರು ನಿಮಗ ಛಲೋದು ಮಾಡ್ಲಿ" ಎಂದು ಹರಸಿ ಫೋನಿಟ್ಟೆ. ಅವನು ಓಟಿಪಿ ಏಕೆ ಕೇಳಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅದು ಇನ್ನು ಮುಂದೆ ನೇರವಾಗಿ ಅವನಿಗೇ ಬರುವುದಿತ್ತು.

ತುಸು ಹೊತ್ತಿನಲ್ಲಿ ನನ್ನ ಫೋನಿನ ಸಿಗ್ನಲ್ ಕಡ್ಡಿಗಳು ಮಾಯವಾದವು. ಬೀಗ ಬಿತ್ತು! ನಾನು ಆ ಫೋನನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದೆ. ನನ್ನ ನಂಬರು ಈಗ ಎಷ್ಟು ಭದ್ರವಾಗಿದೆ ಎಂದರೆ ಅದನ್ನು ನಾನು ಕೂಡ ಬಳಸಲಾರೆ ಎಂದು ಹೆಮ್ಮೆಯಿಂದ ವಿವರಿಸಿದೆ. ಕುಲಕರ್ಣಿಯವರಿಗೆ ಹೊಟ್ಟೆಕಿಚ್ಚಾಯಿತು. ತಮ್ಮ ನಂಬರಿಗೂ ಬೀಗ ಹಾಕಿಸಬೇಕೆಂದು ತಮ್ಮ ಫೋನಿನಿಂದ ಪ್ರಸನ್ನನಿಗೆ ಮೇಲಿಂದ ಮೇಲೆ ಫೋನ್ ಮಾಡಿದರು. ಅವನ ಫೋನಿಗೆ ಬಿಡುವಿರಲಿಲ್ಲ.

"ಪಾಪ, ಎಷ್ಟ ಮಂದಿಗೆ ಉಪಕಾರ ಮಾಡ್ಲಿಕ್ಕತ್ತಾನೋ ಏನೋ" ಎಂದು ಅವರು ನಿಟ್ಟುಸಿರುಬಿಟ್ಟರು.

ಹೊಸ ಸಿಮ್ ಚಾಲೂ ಆದಮೇಲೆ ಒಂದು ದಿನ ಅದಕ್ಕೆ ಸಂದೇಶ ಬರದಂತೆ ತಡೆ ಇರುತ್ತದೆಯಂತೆ. ಮೋಸವಾಗಿದ್ದರೆ ನಿಜವಾದ ಮಾಲೀಕ ಎಚ್ಚೆತ್ತುಕೊಳ್ಳಲಿ ಎಂದು ಕೊಟ್ಟ ಕಾಲಾವಕಾಶವಂತೆ ಅದು. ನನಗೂ ಆ ಒಂದು ದಿನ ಸಿಕ್ಕಿತ್ತು. ಅದನ್ನು ನಾನು ಸಿಗ್ನಲ್ ಇಲ್ಲದ ಫೋನು ಮೆರೆಸುವುದರಲ್ಲಿ ಕಳೆದೆ.

ಭಾನುವಾರ ತುಸು ತಡವಾಗಿ ಉಣ್ಣಲು ಕೂತೆವು. ಅಕ್ಕನಿಗೆ ನೆಲಕ್ಕೆ ಕೂರಲಾಗದೆಂದು ಕುರ್ಚಿ ಹಾಕಿ ಕೊಟ್ಟಿದ್ದೆವು. ಅವಳು ಬಹಳ ಗೆಲುವಾಗಿದ್ದಳು. ಆಪರೇಷನ್ ಆದಮೇಲೆ ಶಿರಗುಪ್ಪಿಗೆ ಹೋಗಿ ಮಾವನ ಮನೆಯ ಅಂಗಳದಲ್ಲಿ ಕಾಲು ಮಡಚಿ ಕೂತು ಉಣ್ಣುತ್ತೇನೆ ಎಂದಳು. ಹೊಸ ಮಂಡಿಯನ್ನು ಹಾಗೆ ಮಡಚಬಾರದು ಎಂದು ಡಾಕ್ಟರು ಹೇಳಿದ್ದನ್ನು ಶಾಂತಾ ನೆನಪಿಸಿದಳು. "ಹಂಗಾರ ನಿಂತ ಉಣ್ತೇನಿ" ಎಂದು ಅಕ್ಕ ನಕ್ಕಳು. ಅಷ್ಟರಲ್ಲಿ ಶಾಂತಾಳ ಫೋನು ರಿಂಗಾಯಿತು. ಆಕಡೆ ಒಬ್ಬ ಹೆಣ್ಣುಮಗಳು, ಹಿಂದಿ!

"ರೀ, ಯಾರೋ ಬ್ಯಾಂಕಿನ್ಯಾಕಿ ಅಂತ. ನೀಲಕ್ಕಾರ ಖಾತೆ ಬಗ್ಗೆ ಏನೋ ಕೇಳಾಕತ್ತಾಳ."

"ಕೊಡ ಇಲ್ಲೆ!" ಎಂದು ಎಂಜಲುಗೈಯಲ್ಲೇ ಫೋನು ಕಸಿದುಕೊಂಡೆ. ಮೊದಲ ಬೇಟೆ ತಾನಾಗಿ ಬೋನಿಗೆ ಬಂದಿತ್ತು.

"ಸರ್, ಆಪ್ ಕೇ ಘರ್ ಸೇ ಅಭೀ ಪೈಸಾ ಟ್ರಾನ್ಸ್‌ಫರ್ ಹೋ ರಹಾ ಹೈ ಕ್ಯಾ? ಸಿರ್ಫ್ ಹಾ ಯಾ ನಾ ಬೋಲಿಯೇ."

ನಮ್ಮ ಮನೆಯಿಂದ ಈಗ ದುಡ್ಡು ಹೋಗುತ್ತಿದೆಯೇ, ಹೌದು ಇಲ್ಲವೇ ಅಲ್ಲ ಎಂದಷ್ಟೇ ಹೇಳಿ ಎನ್ನುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಹುಬ್ಬಳ್ಳಿಯ ಸಂತೆಯಲ್ಲಿ ಈರುಳ್ಳಿ ಚೌಕಾಶಿ ಮಾಡಿ ಕಲಿತ ಹಿಂದಿ ನನ್ನದು. "ಹಮ್ ಕೋ ಸಬ್ ಮಾಲೂಮ್ ಹೈ!" ನನಗೆ ಎಲ್ಲ ಗೊತ್ತು ಎಂದು ಗುಡುಗಿದೆ. "ತುಮ್ ಚೋರ್ ಹೈ! ಹಮ್ ಹುಬ್ಬಳ್ಳಿ ಕಾ ಹೈ! ಕನ್ನಡ ಮೇ ಬೋಲ್ತಾ ತೋ ಬೋಲ್, ನಹೀ ತೋ ಫೋನ್ ರಖ್!"

"ಸರ್, ಕನ್ನಡವಾಲೇ ಸೇ ಬಾತ್ ಕರಾತೀ ಹೂ, ಏಕ್ ಮಿನಿಟ್..."

ಕನ್ನಡದವರಿಗೆ ಫೋನು ಕೊಡಲು ಅವಳು ಕೇಳಿದ ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ. ಕಟ್ ಮಾಡಿದೆ. ಅವಳು ಮತ್ತೆ ಮಾಡಿದಳು. ಶಾಂತಾಳ ಫೋನಿನಲ್ಲಿ ಆ ನಂಬರನ್ನು ಬ್ಲಾಕ್ ಮಾಡಿಯೇ ಬಿಟ್ಟೆ. ಅಕ್ಕ ನನ್ನ ಹಿಂದಿ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಏನ ಹಿಂದಿ ಮಾತಾಡ್ತೀಯೋ ತಮ್ಮಾ! ಆ ಕಳ್ಳಿ ಇನ್ನ ಜನ್ಮದಾಗ ಹುಬ್ಬಳ್ಳಿಗೆ ಫೋನ್ ಮಾಡಂಗಿಲ್ಲ ನೋಡು."

ನಾನು ಮೀಸೆಯ ಮೇಲೆ ಕೈಯಾಡಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಅದು ಅಕ್ಕ ಬಡಿದ ರೊಟ್ಟಿ.

ಸೋಮವಾರ ದವಾಖಾನೆಗೆ ಮುಂಗಡ ಕಟ್ಟಬೇಕಿತ್ತು. ಅಕ್ಕನನ್ನು ಆಟೋದಲ್ಲಿ ಕೂಡಿಸಿಕೊಂಡು ಬ್ಯಾಂಕಿಗೆ ಹೋದೆ. ಮೆಟ್ಟಿಲು ಹತ್ತುವಾಗ ಅವಳು ನನ್ನ ಹೆಗಲ ಮೇಲೆ ಭಾರ ಹಾಕಿ, "ಇದ ಕಡೀ ಸಲ ನೋಡು ಈರಣ್ಣಾ. ಮುಂದಿನ ಸಲ ನಾನ ಹತ್ತತೇನಿ" ಎಂದಳು.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು. ಮತ್ತೊಮ್ಮೆ ನೋಡಿದಳು. ಎದ್ದು ಹೋಗಿ ಸಾಹೇಬರನ್ನು ಕರೆತಂದಳು. ಅವರು ನಮ್ಮನ್ನು ಒಳಗೆ ಕೂಡಿಸಿ ನೀರು ಕೊಟ್ಟರು. ಬ್ಯಾಂಕಿನವರು ಕೇಳದೆ ನೀರು ಕೊಟ್ಟರೆ ಏನೋ ಅನಾಹುತವಾಗಿದೆ ಎಂದು ತಿಳಿಯಬೇಕು.

"ಅಮ್ಮಾರ, ನಿಮ್ಮ ಖಾತೆದಾಗ ಈಗ ಏನೂ ಉಳದಿಲ್ರಿ. ನಿನ್ನೆ ಎಲ್ಲಾ ಹೋಗೇತಿ."

"ಇಲ್ರೀ, ಅದಕ್ಕ ಬೀಗ ಹಾಕ್ಸೇವಿ!" ಎಂದೆ ನಾನು.

ಯಾವ ಬೀಗ ಎಂದರು ಸಾಹೇಬರು. ನಾನು ಬೀಗದ ಕಥೆ ಹೇಳುತ್ತ ಹೋದಂತೆ ಅವರ ಮುಖ ಸಣ್ಣದಾಗುತ್ತ ಹೋಯಿತು. ಅರ್ಧ ಕಥೆ ಹೇಳುವಷ್ಟರಲ್ಲಿ ನನಗೇ ಅದು ಬೀಗದ ಕಥೆಯಲ್ಲ ಎಂದು ಗೊತ್ತಾಯಿತು. ಆದರೂ ಬಾಯಿ ನಿಲ್ಲಲಿಲ್ಲ.

"ಹೊಸಾ ಫೋನಿಂದ ಇಷ್ಟ ದೊಡ್ಡ ರಕಮು ಹೊಂಟೈತಿ ಅಂತ ನಮ್ಮವರಿಗೆ ಸಂಶಯ ಬಂದು ನಿನ್ನೆ ತಡದಿದ್ರು" ಎಂದರು ಸಾಹೇಬರು. "ನಿಮ್ಮ ಎರಡನೇ ನಂಬರಿಗೆ ಫೋನೂ ಮಾಡ್ಯಾರ. ಯಾರೋ ಗಂಡಸರು ಎತ್ತಿ, ಕನ್ನಡದಾಗ ಮಾತಾಡ್ರಿ ಅಂತ ಬೈದು ಇಟ್ಟಾರಂತ. ನೀವು ಅಲ್ಲ ಅಂತ ಒಂದು ಮಾತು ಅಂದಿದ್ರ ಅಲ್ಲೇ ನಿಂತಿರ್ತಿತ್ತು. ಆಮ್ಯಾಲ ಕನ್ನಡ ಬಲ್ಲವರ ಕಡಿಂದ ಮತ್ತ ಮಾಡಿಸ್ಯಾರ. ಆ ನಂಬರು ಹತ್ತಲಿಲ್ಲ ಅಂತ ಮದಲನೇ ನಂಬರಿಗೆ ಮಾಡ್ಯಾರ. ಅಲ್ಲಿ ಒಬ್ಬರು ಎತ್ತಿ, ‘ಹೌದ್ರಿ, ನಾನು ಆಕಿ ತಮ್ಮ ಈರಣ್ಣ, ಅಕ್ಕನ ಆಪರೇಷನ್ ಐತಿ, ರೊಕ್ಕ ನಾವ ಕಳಸಾಕತ್ತೇವಿ’ ಅಂದಾರಂತ."

ಮೊದಲನೆಯ ನಂಬರು ಎಂದರೆ ನನ್ನ ನಂಬರು. ಅಂದರೆ ಆಗ ಪ್ರಸನ್ನನ ಕೈಯಲ್ಲಿದ್ದ ನಂಬರು. ಕನ್ನಡದಲ್ಲಿ ಮಾತಾಡಿ ಎಂದು ಹಟ ಹಿಡಿದವನು ನಾನು. ಬ್ಯಾಂಕಿನವರು ನನ್ನ ಹಟಕ್ಕೆ ಮಣಿದು ಕನ್ನಡದವರನ್ನು ಹುಡುಕಿ ಫೋನ್ ಮಾಡಿಸಿದ್ದರು. ಕಳ್ಳ ಅವರಿಗೆ ಕನ್ನಡದಲ್ಲಿಯೇ ಉತ್ತರ ಕೊಟ್ಟಿದ್ದ. ಅದೂ ಛಂದ ಕನ್ನಡದಲ್ಲಿ!

ಅಕ್ಕ ನನ್ನ ಕಡೆ ತಿರುಗಿದಳು. ನಿನ್ನೆ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದು ಅವಳಿಗೆ ನೆನಪಾಗಿತ್ತು ಎಂದು ನನಗೆ ಗೊತ್ತು. ಆಮೇಲೆ ಅವಳು ಸಾಹೇಬರನ್ನು ಕೇಳಿದಳು.

"ಹಂಗಾರ ಬುಧವಾರ ನಾ ದವಾಖಾನಿಗೆ ಹೋಗೂದ ಬ್ಯಾಡೇನ್ರಿ?"

ಅವರು ಮತ್ತೊಂದು ಲೋಟ ನೀರು ತರಿಸಿದರು.

ಮೆಟ್ಟಿಲು ಇಳಿಯುವಾಗ ಹೆಗಲು ಕೊಡಲು ಹೋದೆ. ಅಕ್ಕ ನನ್ನ ಕೈ ಸರಿಸಿ ಗೋಡೆ ಹಿಡಿದು ಇಳಿದಳು. ಆಟೋದಲ್ಲಿ ಕೂತಮೇಲೆ ಅವಳ ಸಿಟ್ಟು ಕಟ್ಟೆಯೊಡೆಯಿತು.

"ಗ್ವಾಡಿಗೆ ಕನ್ನಾ ಹಾಕಿ ಒಯ್ದಿದ್ರ ನನಗ ಇಷ್ಟು ಹೊಟ್ಟಿ ಉರೀತಿರಲಿಲ್ಲೋ ಈರಣ್ಣಾ! ನೀ ಬಾಗಲಾ ತಗದು, ಬರ್ರಿ ಬರ್ರಿ ಅಂತ ಕರದು, ಮಣಿ ಹಾಕಿ ಕುಂದ್ರಿಸಿ ಕೊಟ್ಟಿ. ಬಿಡಸಾಕ ಬಂದಾಕೀನ ಬೈದು ಕಳಿಸಿದಿ. ಎಷ್ಟ ಹಂಚು ಸುಟ್ಟೇನಿ ನಾನು, ಎಷ್ಟ ಕಟಗಿ ಉರಿಸೇನಿ!"

ಅತ್ತಳು. ನಾನೂ ಅತ್ತೆ. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಹಾಡು ಬಂದ್ ಮಾಡಿದ.

ಅವಳನ್ನು ಮನೆಗೆ ಬಿಟ್ಟು ಸಿಮ್ ಕಂಪನಿಯ ಅಂಗಡಿಗೆ ಓಡಿದೆ. ನನ್ನ ನಂಬರು ನನಗೆ ವಾಪಸ್ ಕೊಡಿ ಎಂದೆ. ಈ ನಂಬರು ನಿಮ್ಮದೇ ಎಂಬುದನ್ನು ಖಾತ್ರಿಪಡಿಸಿಕೊಳ್ಳಬೇಕು ಎಂದರು. ಪಡಿಸಿಕೊಳ್ಳಿ ಎಂದೆ.

"ನಿಮ್ಮ ನಂಬರಿಗೆ ಒಂದು ಓಟಿಪಿ ಕಳಸೇವಿ ನೋಡ್ರಿ. ಅದನ್ನ ಹೇಳ್ರಿ."

"ಅದು ಕಳ್ಳನಿಗೆ ಹೋಗೇತಿ!"

"ಓಟಿಪಿ ಇಲ್ಲಂದ್ರ ಕಷ್ಟ ಆಗತೈತಲ್ರಿ ಸರ್."

ಜೀವಮಾನವೆಲ್ಲ ಯಾರಿಗೂ ಓಟಿಪಿ ಹೇಳದ ನಾನು ಆ ಹೊತ್ತು ಕಳ್ಳನಿಗೆ ಫೋನ್ ಮಾಡಿ, ನನ್ನ ಓಟಿಪಿ ಏನು ಬಂದಿದೆ ಹೇಳಪ್ಪಾ ಎಂದು ಕೇಳುವುದೊಂದು ಬಾಕಿ ಇತ್ತು. ನಿಜ ಹೇಳುತ್ತೇನೆ, ಅಂಗಡಿಯವನ ಫೋನು ತೆಗೆದುಕೊಂಡು ನನ್ನ ನಂಬರಿಗೆ ನಾನೇ ಮಾಡಿಯೂ ಮಾಡಿದೆ. "ನಮಸ್ಕಾರ್ರೀ, ಈರಣ್ಣ ಮಾತಾಡಾಕತ್ತೇನಿ" ಎಂದಿತು ಆ ಮಧುರ ದನಿ. ನಾನು "ರಾಂಗ್ ನಂಬರ್ರಿ" ಎಂದು ಇಟ್ಟುಬಿಟ್ಟೆ!

ಆಧಾರ್ ಕಾರ್ಡು, ಬೆರಳಚ್ಚು, ಫೋಟೋ, ಅರ್ಜಿ ಎಲ್ಲ ಕೊಟ್ಟು ಸಂಜೆಯವರೆಗೆ ಕಾದಮೇಲೆ ಕಳ್ಳನ ಸಿಮ್ ಬಂದ್ ಮಾಡಿದರು. ಅಷ್ಟರಲ್ಲಿ ಅವನು ನನ್ನ ವಾಟ್ಸಾಪ್ ಕೂಡ ತೆರೆದು, ನಮ್ಮ ಬಂಧುಬಳಗದ ಗುಂಪಿನಲ್ಲಿ ಅಕ್ಕನ ಆಪರೇಷನ್‌ಗೆ ಸಹಾಯ ಮಾಡಬೇಕೆಂದು ವಿನಂತಿ ಹಾಕಿದ್ದ. ಶಿರಗುಪ್ಪಿಯ ಸೋದರಮಾವ, ನನ್ನ ಜೊತೆ ಮಾತು ಬಿಟ್ಟಿದ್ದವರು, ತಕ್ಷಣ ಹಣ ಕಳಿಸಿದ್ದರು. ಶಾಂತಾಳ ಫೋನಿಗೆ ಅವರು ಮಾಡಿದಾಗ ಇದು ಬಯಲಾಯಿತು.

"ಅದು ನಾ ಬರದಿದ್ದಲ್ಲ ಮಾವಾ, ಕಳ್ಳ ಬರದಿದ್ದು" ಎಂದೆ.

"ನನಗ ಆಗಲೇ ಸಂಶಯ ಬರಬೇಕಿತ್ತು ನೋಡು" ಎಂದರು ಮಾವ. "ಮಾವಾರ ಪಾದಕ್ಕ ನಮಸ್ಕಾರ ಅಂತ ಬರದಿತ್ತು. ನೀ ಯಾವತ್ತು ಹಂಗ ಬರದೀ? ಅಕ್ಕನ ಬ್ಯಾನಿ ನೋಡಿ ಹುಡುಗಗ ಬುದ್ಧಿ ಬಂದೈತಿ ಅಂತ ತಿಳಕೊಂಡೆ."

ಸೈಬರ್ ಠಾಣೆಯಲ್ಲಿ ದೂರು ಬರೆದುಕೊಂಡ ಪೊಲೀಸಪ್ಪ ಸಜ್ಜನ. ಭಾನುವಾರವೇ ಸಹಾಯವಾಣಿಗೆ ಫೋನ್ ಮಾಡಿದ್ದರೆ ದುಡ್ಡನ್ನು ಹಾದಿಯಲ್ಲೇ ನಿಲ್ಲಿಸಬಹುದಿತ್ತು ಎಂದು ಮೆಲ್ಲಗೆ ಹೇಳಿದರು. ಸಿಗ್ನಲ್ ಹೋದ ಕೂಡಲೇ ಬೇರೆ ಫೋನಿನಿಂದ ಕಂಪನಿಗೆ ಕೇಳಬೇಕಿತ್ತು ಎಂದರು. ಅಕ್ಕನ ಖಾತೆಗೆ ಅಕ್ಕನದೇ ನಂಬರು ಕೊಡಬೇಕಿತ್ತು ಎಂದರು. ಎಲ್ಲದಕ್ಕೂ ಹೌದ್ರಿ ಎಂದೆ. ಇವನ್ನೆಲ್ಲ ನಾನು ಪೆಂಡಾಲಿನಲ್ಲಿ ಹೇಳಿದ್ದೆನಲ್ಲವೇ? ಹೇಳಿದ್ದೆ.

"ಮಾತಾಡಿದಾಂವ ಹೆಂಗ ಮಾತಾಡ್ತಿದ್ದ? ಏನರ ಗುರುತು?"

ಸಾಕ್ಷಿ ಹೇಳಲು ಜೊತೆಗೆ ಬಂದಿದ್ದ ಕುಲಕರ್ಣಿಯವರು ನನಗಿಂತ ಮೊದಲೇ ಬಾಯಿ ತೆರೆದರು. "ಅಪ್ಪಟ ಧಾರವಾಡರೀ. ದನಿಯೊಳಗ ಒಂದು ಮಾಧುರ್ಯ ಅದ. ಎಲ್ಲೂ ಅಪಸ್ವರ ಇಲ್ಲ..."

"ಹೊಗಳಬ್ಯಾಡ್ರಿ" ಎಂದರು ಪೊಲೀಸಪ್ಪ.

ಬುಧವಾರ ಬಂತು, ಹೋಯಿತು. ದವಾಖಾನೆಯವರು ಆ ತಾರೀಖನ್ನು ಬೇರೆ ಯಾರಿಗೋ ಕೊಟ್ಟರು. ನಾನು ಪಿಎಫ್ ತೆಗೆಯಲು ಅರ್ಜಿ ಹಾಕಿದ್ದೇನೆ. ಅದಕ್ಕೆ ಬರೆಸಿದ್ದ ಬ್ಯಾಂಕ್ ಖಾತೆ ಹಳೆಯದೆಂದು ಅರ್ಜಿ ತಿರುಗಿ ಬಂದಿದೆ. ಶಾಂತಾ ಬಳೆ ಮಾರುತ್ತೇನೆ ಎಂದಳು. ಅಕ್ಕ ಮುಟ್ಟಿದರೆ ನೋಡು ಎಂದು ಗದರಿಸಿದಳು. ಕಳ್ಳನ ದಾರಿಯಲ್ಲಿ ಒಂದಷ್ಟು ದುಡ್ಡು ಯಾವುದೋ ಊರಿನ ಖಾತೆಯಲ್ಲಿ ಸಿಕ್ಕಿಬಿದ್ದಿದೆ, ಅದು ಕೈಗೆ ಬರಲು ಕೋರ್ಟಿನ ಆದೇಶ ಬೇಕು. ಪ್ರಸನ್ನ ಸಿಕ್ಕಿಲ್ಲ. ಅವನ ಹೆಸರು ಪ್ರಸನ್ನ ಅಲ್ಲವೆಂದು ಪೊಲೀಸರು ಹೇಳುತ್ತಾರೆ. ಧಾರವಾಡದವನೋ ಅಲ್ಲವೋ ಎಂಬುದೂ ಗೊತ್ತಿಲ್ಲವಂತೆ. ಕುಲಕರ್ಣಿಯವರು ಮಾತ್ರ ಒಪ್ಪುವುದಿಲ್ಲ.

ನಸುಕಿನಲ್ಲಿ ಹಿಂದಿನ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಆ ಸದ್ದು ಮೊದಲೂ ಇತ್ತು, ನಾನು ಮಗ್ಗಲು ಬದಲಿಸಿ ಮಲಗುತ್ತಿದ್ದೆ. ಈಗ ನಡುನಡುವೆ ಅದು ನಿಲ್ಲುತ್ತದೆ. ಅಕ್ಕ ಕಾಲು ನೀವಿಕೊಳ್ಳುತ್ತಿದ್ದಾಳೆ ಎಂದು ತಿಳಿಯುತ್ತದೆ. ಮತ್ತೆ ಶುರುವಾಗುವ ತನಕ ನನಗೆ ನಿದ್ದೆ ಬರುವುದಿಲ್ಲ.

ಅವಳೀಗ ರೊಟ್ಟಿಯ ದುಡ್ಡಿನಲ್ಲಿ ಸ್ವಂತ ಫೋನು ಕೊಂಡಿದ್ದಾಳೆ, ಸ್ವಂತ ನಂಬರು. ಬ್ಯಾಂಕಿಗೂ ಅದನ್ನೇ ಕೊಟ್ಟಿದ್ದಾಳೆ. ಹೇಗೆ ಬಳಸಬೇಕೆಂದು ಶಾಂತಾ ಕಲಿಸಿದಳು. ನನ್ನನ್ನು ಕೇಳಲಿಲ್ಲ.

ಮೊನ್ನೆ ವಕೀಲರನ್ನು ಕಂಡು ಬಂದವನು ಕಾರ್ಖಾನೆಯಿಂದ ಅಕ್ಕನಿಗೆ ಫೋನ್ ಮಾಡಿದೆ. ವಾಪಸ್ ಸಿಕ್ಕ ನನ್ನ ನಂಬರಿನಿಂದ ಅವಳ ಹೊಸ ನಂಬರಿಗೆ ಅದೇ ಮೊದಲ ಫೋನು.

"ಅಕ್ಕಾ, ನಾನು."

"ನಾನು ಅಂದ್ರ ಯಾರು?"

"ನಾನ ಅಕ್ಕಾ, ಈರಣ್ಣ. ನಿನ್ನ ಫೋನಿನ್ಯಾಗ ನನ್ನ ಹೆಸರು ಬರಂಗಿಲ್ಲೇನು?"

"ಹೆಸರು ಬಂದೈತಿ. ಹೆಸರು ಬಂದ್ರ ಏನಾತು? ಈ ನಂಬರಿಂದ ಯಾರ ಮಾತಾಡಿದ್ರೂ ಲಗೂನ ನಂಬಬ್ಯಾಡ ಅಂತ ಶಾಂತಾ ಹೇಳ್ಯಾಳ. ಅದರಾಗ ಕನ್ನಡ ಮಾತಾಡಿದ್ರಂತೂ ಇಟ್ಟ ಬಿಡು ಅಂದಾಳ."

"ಅಯ್ಯ, ನನ್ನ ದನಿ ಗುರ್ತು ಸಿಗವಲ್ದೇನ ನಿನಗ?"

"ದನೀನೂ ಕದೀತಾರಂತ ಈಗ." ಎಂದಳು ಅಕ್ಕ. "ನೀ ಖರೇನ ಈರಣ್ಣ ಇದ್ರ, ಹಿಂದ್ಯಾಗ ಮಾತಾಡು."

ಸ್ಟೋರಿನಲ್ಲಿ ನನ್ನ ಸಹಿಗಾಗಿ ನಾಲ್ಕು ಮಂದಿ ನಿಂತಿದ್ದರು. ನನಗೆ ಬರುವ ಹಿಂದಿಯಲ್ಲಿ ಅಕ್ಕನಿಗೆ ಗುರುತು ಸಿಗುವ ವಾಕ್ಯ ಒಂದೇ ಇತ್ತು.

"ಹಮ್ ಕೋ ಸಬ್ ಮಾಲೂಮ್ ಹೈ" ಎಂದೆ.

"ಹಾಂ, ನೀನ" ಎಂದಳು ಅಕ್ಕ. "ಈಗ ಹೇಳು, ರೊಕ್ಕ ಯಾವಾಗ ಬರ್ತೈತಂತ?"

"ಗೊತ್ತಿಲ್ಲ ಅಕ್ಕಾ" ಎಂದೆ, ಕನ್ನಡದಲ್ಲಿ.